ಮನೆಹೆಸರೆಂದರೆ ಜಾಗ: ಮಲೆನಾಡಿನ ಹಿರಿಯರನ್ನು ಹುಡುಕುವ ಕ್ರಮ

ವಾಟೆಮಕ್ಕಿ, ಹುಲಿಕೊಡಿಗೆ, ನೇರಲಹಕ್ಕಲು. ಉದಾಹರಣೆಗೆಂದು ಕಟ್ಟಿಕೊಂಡ ಹೆಸರುಗಳಿವು. ಇಂಥದ್ದೊಂದು ಪದ ನಿಮ್ಮ ಹೆಸರಿನ ಹಿಂದೆಯೋ ಮುಂದೆಯೋ ಅಂಟಿಕೊಂಡಿದ್ದು, ನಿಮ್ಮ ಮನೆಯವರನ್ನು ಬಿಟ್ಟು ಆ ಹೆಸರಿನವರು ಇನ್ನೆಲ್ಲೂ ಸಿಗುತ್ತಿಲ್ಲವೆಂದರೆ ಬೇಸರಪಡಬೇಡಿ. ಹುಡುಕಾಟಕ್ಕೆ ಅದಕ್ಕಿಂತ ಗಟ್ಟಿ ಹಿಡಿ ಸಿಗುವುದಿಲ್ಲ. ನಿಜವಾದ ಕಷ್ಟ ಹೊಸಮನೆ, ಮೇಲಿನಮನೆ, ಹಿರೇಮನೆಯವರದು. ಅಂಥ ಮನೆಗಳು ಹೋಬಳಿಗೆ ಹತ್ತಾರು.

ಬೆಂಗಳೂರಿನ ಅರ್ಜಿಗಳಲ್ಲಿ ಆ ಪದ ‘ಸರ್‌ನೇಮ್’ ಎಂದು ದಾಖಲಾಗುತ್ತದೆ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆ ಅದು ವಂಶದ ಹೆಸರಲ್ಲ, ನೆಲದ ಹೆಸರು. ಇಲ್ಲಿ ಊರೆಂದರೆ ಸಾಲುಮನೆಗಳಲ್ಲ. ಗದ್ದೆಕೋಗಿನ ತಲೆಯಲ್ಲಿ ಒಂದು ಮನೆ, ಗುಡ್ಡ ಹತ್ತಿ ಇಳಿದರೆ ಇನ್ನೊಂದು. ಮನೆ ನಿಂತ ಜಾಗದ ಹೆಸರೇ ಮನೆಯ ಹೆಸರು, ಆ ಮನೆಯಲ್ಲಿ ಹುಟ್ಟಿದವರ ಇನಿಷಿಯಲ್ಲೂ ಅದರದೇ. ಜನ ಜಾಗ ಬಿಟ್ಟರೆ ಹೆಸರು ಒಂದೆರಡು ತಲೆಮಾರು ಜೊತೆಗೆ ಬರುತ್ತದೆ, ಆಮೇಲೆ ಕಳಚಿಕೊಳ್ಳುತ್ತದೆ. ಆದ್ದರಿಂದ ಹೆಸರನ್ನು ಬೆನ್ನಟ್ಟಿದರೆ ಬೇಗ ದಾರಿ ತಪ್ಪುತ್ತದೆ. ಹೆಸರು ತೋರಿಸುವ ಜಮೀನನ್ನು ಹಿಡಿದು ಹಿಂದಕ್ಕೆ ಹೋಗಬೇಕು. ಸರ್ಕಾರ ನೂರೈವತ್ತು ವರ್ಷ ಬಿಡದೆ ಲೆಕ್ಕ ಇಟ್ಟಿರುವುದು ಜಮೀನಿನದು, ಮನುಷ್ಯರದಲ್ಲ.

ಹೆಸರನ್ನು ಬಿಡಿಸಿಕೊಳ್ಳಿ

ಬಹುತೇಕ ಮನೆಹೆಸರಿಗೆ ಎರಡು ತುಂಡು. ಕೊನೆಯ ತುಂಡು ನೆಲ ಎಂಥದೆಂದು ಹೇಳುತ್ತದೆ. ಮಕ್ಕಿ ಎಂದರೆ ಮಳೆಯನ್ನೇ ನಂಬಿದ ಎತ್ತರದ ಗದ್ದೆ, ಬೈಲು ಎಂದರೆ ತಗ್ಗಿನ ಗದ್ದೆ. ಕಾನು ದಟ್ಟ ಹಸಿರು ಕಾಡು, ಕೊಪ್ಪ ಸಣ್ಣ ಹಳ್ಳಿ. ಕೊಡಿಗೆ ಎಂದರೆ ಯಾವುದೋ ಸೇವೆಗೆ, ಕೆರೆ ಕಟ್ಟಿಸಿದ್ದಕ್ಕೆ ಅಥವಾ ಕಾಳಗದಲ್ಲಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ. ಮೊದಲ ತುಂಡು ಮರ, ಪ್ರಾಣಿ, ದಿಕ್ಕು ಅಥವಾ ಯಾವುದೋ ಕಾಲದ ಒಬ್ಬ ವ್ಯಕ್ತಿ. ವಾಟೆಮಕ್ಕಿಯ ವಾಟೆ ಹುಳಿಕಾಯಿ ಬಿಡುವ ವಾಟೆಮರವೂ ಆಗಬಹುದು, ಓಟೆ ಬಿದಿರೂ ಆಗಬಹುದು. ಅರ್ಥ ಇದಮಿತ್ಥಂ ಎಂದು ತೀರ್ಮಾನವಾಗದಿದ್ದರೂ ನಷ್ಟವಿಲ್ಲ. ನಿಮಗೆ ಬೇಕಾದ್ದು ಕೊನೆಯ ತುಂಡು. ಯಾವ ದಾಖಲೆಯನ್ನು ಮೊದಲು ಕೇಳಬೇಕೆಂದು ಅದೇ ಸೂಚಿಸುತ್ತದೆ. ಮಕ್ಕಿ, ಗದ್ದೆ, ಬೈಲು ಆದರೆ ನೇರ ಕಂದಾಯದ ದಾಖಲೆ. ಕೊಡಿಗೆ, ಉಂಬಳಿ, ಅಗ್ರಹಾರ ಇದ್ದರೆ ಆ ನೆಲ ಒಂದು ಕಾಲದಲ್ಲಿ ಇನಾಂ (ಕಂದಾಯ ಬಿಟ್ಟೋ ಕಡಿಮೆ ಮಾಡಿಯೋ ಕೊಟ್ಟ ಭೂಮಿ) ಆಗಿದ್ದಿರಬಹುದು. ಆಗ 1954ರ ವೈಯಕ್ತಿಕ ಇನಾಂ ರದ್ದತಿ ಕಾಯ್ದೆ ಅಥವಾ 1955ರ ಧಾರ್ಮಿಕ ಇನಾಂ ರದ್ದತಿ ಕಾಯ್ದೆಯಡಿ ನಡೆದ ಕಡತವನ್ನೂ ಕೇಳಬೇಕು.

ಹೆಗಡೆ, ಗೌಡ, ಭಟ್ಟ, ಜೋಯಿಸ, ನಾಯ್ಕ, ಶಾನುಭೋಗ, ಪಟೇಲ ಇವು ಜಾಗದ ಹೆಸರಲ್ಲ. ಇವನ್ನು ಬದಿಗಿಡಿ. ಪಟೇಲಿಕೆ ಅಥವಾ ಶಾನುಭೋಗಿಕೆ ಮನೆಯಲ್ಲಿತ್ತು ಎನ್ನುವವರಿಗೆ ಮಾತ್ರ ಇದರಲ್ಲಿ ಲಾಭವಿದೆ. ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾಯ್ದೆಯವರೆಗೆ ಆ ಕೆಲಸ ವಂಶಪಾರಂಪರ್ಯ. ಅಪ್ಪನ ನಂತರ ಯಾರು ಎಂಬ ಆದೇಶ ತಾಲ್ಲೂಕು ಕಚೇರಿಯಲ್ಲಿ ಆಗುತ್ತಿತ್ತು.

ಉಚ್ಚಾರ, ಬರಹ ಎರಡೂ ಜಾರುತ್ತವೆ. ಬಯಲು ಬೈಲಾಗುತ್ತದೆ, ಹಿತ್ತಿಲು ಹಿತ್ಲಾಗುತ್ತದೆ, ಕೊಡಿಗೆಯನ್ನು ಒಬ್ಬ ಗುಮಾಸ್ತ ಕೊಡಗೆ ಎಂದರೆ ಇನ್ನೊಬ್ಬ ಕೊಡಿಗಿ ಎನ್ನುತ್ತಾನೆ. ಶಾಸನದ ಕಾಲಕ್ಕೆ ಹೋದರೆ ಇಂದಿನ ‘ಹ’ ಅಲ್ಲಿ ‘ಪ’ ಆಗಿರುತ್ತದೆ. ಹೊಸನಗರ ತಾಲ್ಲೂಕಿನ ಹುಂಚ ಶಾಸನಗಳಲ್ಲಿ ಪೊಂಬುಚ್ಚ. ಇಂಗ್ಲಿಷ್ ಇನಿಷಿಯಲ್ಲಿನಿಂದ ಹುಡುಕಾಟ ಶುರು ಮಾಡುವವರು ಇನ್ನೂ ಜಾಗರೂಕರಾಗಿರಬೇಕು. ಅಲ್ಲಿ ಲ ಮತ್ತು ಳ, ನ ಮತ್ತು ಣ, ತ ಮತ್ತು ಟ ಒಂದೇ. ಕಚೇರಿಗೆ ಹೋಗುವ ಮೊದಲು ನಿಮ್ಮ ಹೆಸರು ಹೇಗೆಲ್ಲ ಬರೆಯಲ್ಪಟ್ಟಿರಬಹುದು ಎಂದು ಏಳೆಂಟು ರೂಪಗಳನ್ನು ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ.

ಇನಿಷಿಯಲ್ ಹೇಳುವ ಊರು ಮತ್ತು ಹುಟ್ಟಿದ ಊರು ಒಂದೇ ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಕುವೆಂಪು ಅಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಮನೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ, ಹುಟ್ಟಿದ್ದು ಮಾತ್ರ ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಯು. ಆರ್. ಅನಂತಮೂರ್ತಿಯವರು ಹುಟ್ಟಿದ್ದು ತೀರ್ಥಹಳ್ಳಿಯ ಮೇಳಿಗೆಯಲ್ಲಿ, ಇನಿಷಿಯಲ್ಲಿನಲ್ಲಿರುವ ಊರು ಉಡುಪಿ. ಮೊದಲನೆಯದು ಚೊಚ್ಚಲ ಬಾಣಂತನ ತವರಿನಲ್ಲಿ ನಡೆಯುವ ಪದ್ಧತಿಯಿಂದ ಬಂದ ವ್ಯತ್ಯಾಸ. ಎರಡನೆಯದರಲ್ಲಿ ಹೆಸರು ಬೇರೆ ಊರನ್ನೇ ಹೊತ್ತಿದೆ. ನಿಮ್ಮ ಮನೆಯ ಹೆಸರು ಘಟ್ಟದ ಕೆಳಗಿನ ಊರನ್ನು ತೋರಿಸುತ್ತಿದ್ದರೆ ಮೊದಲು ಮೇಲಿನ ಊರಿನ ದಾಖಲೆ ಮುಗಿಸಿ, ಆಮೇಲೆ ಕೆಳಗಿಳಿಯಿರಿ.

ಮನೆಯಲ್ಲಿ ಕೇಳಬೇಕಾದ್ದು

‘ನಮ್ಮ ಮೂಲ ಯಾವುದು?’ ಎಂದು ಹಿರಿಯರನ್ನು ಕೇಳಬೇಡಿ. ಆ ಪ್ರಶ್ನೆಗೆ ಉತ್ತರವಾಗಿ ಪುರಾಣ ಬರುತ್ತದೆ. ಕೇಳಬೇಕಾದ ಪ್ರಶ್ನೆ ಇದು: ‘ಅಜ್ಜಯ್ಯ, ಯಾರ್ಯಾರ ಮನೇಲಿ ಸಾವಾದ್ರೆ ನಮಗೆ ಸೂತಕ?’ ಸೂತಕ ಹಿಡಿಯುವವರು ದಾಯಾದಿಗಳು. ಹೇಗೆ ಸಂಬಂಧ ಎಂಬುದು ಮರೆತುಹೋದ ಮೇಲೂ ಎರಡು ಮೂರು ತಲೆಮಾರು ಸೂತಕ ಮಾತ್ರ ನಡೆದುಕೊಂಡು ಬರುತ್ತದೆ. ಹತ್ತು ಮೈಲಿ ಆಚೆ, ಬೇರೆ ಮನೆಹೆಸರಿನ, ಬಂದುಹೋಗುವ ಬಳಕೆಯೂ ಇಲ್ಲದ ಒಂದು ಮನೆಗೆ ನಿಮಗೆ ಸೂತಕವಿದೆ ಎಂದರೆ, ಎಂದೋ ಒಂದು ಕಾಲದಲ್ಲಿ ಅಲ್ಲಿಂದಿಲ್ಲಿಗೆ ಪಾಲಾಗಿ ಬಂದಿದ್ದೀರಿ ಅಥವಾ ಇಲ್ಲಿಂದ ಅವರು ಹೋಗಿದ್ದಾರೆ. ಈ ಒಂದೇ ಉತ್ತರ ಎಷ್ಟೋ ಸಲ ವರ್ಷದ ಹುಡುಕಾಟವನ್ನು ಉಳಿಸುತ್ತದೆ.

ಶ್ರಾದ್ಧ ಮಾಡುವ ಮನೆಗಳಲ್ಲಿ ಪುರೋಹಿತರ ಚೀಟಿ ಅಥವಾ ಹಿರಿಯರ ನೋಟ್‌ಪುಸ್ತಕ ಹುಡುಕಿ. ಅಪ್ಪ, ಅಜ್ಜ, ಮುತ್ತಜ್ಜ ಮೂವರ ಹೆಸರು ಹೇಳಲೇಬೇಕು. ಜೊತೆಗೆ ಅವರ ಹೆಂಡಂದಿರ ಹೆಸರೂ, ತಾಯಿಯ ಕಡೆಯ ಮೂವರ ಹೆಸರೂ ಬರುತ್ತವೆ. ಈಗ ಶ್ರಾದ್ಧ ಮಾಡುತ್ತಿರುವವರ ಚೀಟಿಯಿಂದ ಮೂರು ತಲೆಮಾರು ಸಿಕ್ಕಿದರೆ, ಅವರ ಅಜ್ಜ ಬಳಸುತ್ತಿದ್ದ ಚೀಟಿಯಿಂದ ಐದು ಸಿಗುತ್ತವೆ. ಹೆಣ್ಣುಮಕ್ಕಳ ಹೆಸರು ಬೇರೆ ದಾಖಲೆಗಳಲ್ಲಿ ಅಪರೂಪ, ಹಾಗಾಗಿ ಈ ಚೀಟಿಗೆ ಬಂಗಾರದ ಬೆಲೆ. ಗೋತ್ರವನ್ನು ಬರೆದುಕೊಳ್ಳಿ, ಆದರೆ ಗೋತ್ರ ಒಂದೇ ಎಂಬುದು ಸಂಬಂಧಕ್ಕೆ ಸಾಕ್ಷಿಯಲ್ಲ. ದೀವರ ಸಮುದಾಯದಲ್ಲಿ ಕೇಳಬೇಕಾದ್ದು ‘ಬಳಿ’, ಅಂದರೆ ಕುಲದ ಗುರುತು. ಅದು ತಾಯಿಯಿಂದ ಮಕ್ಕಳಿಗೆ ಇಳಿಯುವುದರಿಂದ ಹೆಣ್ಣುಸಂತತಿಯನ್ನು ಹಿಡಿದು ಹಿಂದೆ ಹೋಗಲು ನೆರವಾಗುತ್ತದೆ. ಕ್ರೈಸ್ತ ಮನೆತನದವರು ಚರ್ಚಿನ ದೀಕ್ಷಾಸ್ನಾನ, ಮದುವೆ, ಸಮಾಧಿ ಪುಸ್ತಕಗಳಿಂದಲೇ ಆರಂಭಿಸಬಹುದು. ಅವರ ಕೆಲಸ ಉಳಿದವರಿಗಿಂತ ಹಗುರ.

ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇನ್ನೂ ಮೂರು ವಸ್ತು ಹುಡುಕಿ. ಒಂದು, ಮದುವೆಯ ಮುಯ್ಯಿ ಪುಸ್ತಕ. ಯಾವ ಮನೆಯವರು ಎಷ್ಟು ಹಾಕಿದರು ಎಂದು ಮನೆಹೆಸರಿನ ಸಮೇತ ಬರೆದಿರುತ್ತಾರೆ. 1940ರ ಒಂದು ಮುಯ್ಯಿ ಪುಸ್ತಕ ಎಂದರೆ ಆ ಕಾಲದ ನೆಂಟರಿಷ್ಟರ ಪೂರ್ತಿ ಪಟ್ಟಿ. ಎರಡು, ಜಾತಕ. ಅದರಲ್ಲಿ ತಂದೆ ತಾಯಿಯ ಹೆಸರು, ಸಂವತ್ಸರ, ತಿಥಿ, ನಕ್ಷತ್ರ ಇರುತ್ತವೆ. ಮೂರು, ಕಂದಾಯ ಕಟ್ಟಿದ ರಸೀದಿಗಳು. ಇವುಗಳಲ್ಲಿ ಗ್ರಾಮದ ಹೆಸರೂ ಖಾತೆ ನಂಬರೂ ಇರುತ್ತವೆ, ಮುಂದಿನ ಕೆಲಸಕ್ಕೆಲ್ಲ ಅದೇ ಬೀಗದ ಕೈ.

ಮನೆದೇವರು ಯಾವುದು, ವರ್ಷಕ್ಕೊಮ್ಮೆ ಎಲ್ಲಿಗೆ ಕಾಯಿ ಒಯ್ಯುತ್ತೀರಿ ಎಂಬುದನ್ನೂ ಗುರುತು ಮಾಡಿಕೊಳ್ಳಿ. ಮನೆ ಬದಲಾದರೂ ದೇವರು ಬದಲಾಗುವುದು ಕಡಿಮೆ. ಸೊರಬದಲ್ಲಿದ್ದು ಹೊಸನಗರದ ಮೂಲೆಯ ಒಂದು ಚೌಡಿಗೆ ಈಗಲೂ ಹರಕೆ ಸಲ್ಲಿಸುವ ಮನೆ, ತಾನೆಲ್ಲಿಂದ ಬಂದೆನೆಂದು ಆ ಹರಕೆಯಲ್ಲೇ ಹೇಳುತ್ತಿರುತ್ತದೆ. ಚಂದ್ರಗುತ್ತಿ, ಧರ್ಮಸ್ಥಳದಂಥ ದೊಡ್ಡ ಕ್ಷೇತ್ರಗಳಿಂದ ಈ ಸುಳಿವು ಸಿಗುವುದಿಲ್ಲ. ಅಲ್ಲಿಗೆ ಎಲ್ಲರೂ ಹೋಗುತ್ತಾರೆ.

ಜಾಗ ಎಲ್ಲಿದೆ

ಕಂದಾಯ ಇಲಾಖೆಯ ಲೆಕ್ಕದಲ್ಲಿ ‘ವಾಟೆಮಕ್ಕಿ’ ಎಂಬ ಗ್ರಾಮ ಇರಲಿಕ್ಕಿಲ್ಲ. ಮಲೆನಾಡಿನ ಒಂದು ದಾಖಲೆ ಗ್ರಾಮದೊಳಗೆ ಹತ್ತಿಪ್ಪತ್ತು ಮಜರೆಗಳು, ಅಂದರೆ ಉಪಗ್ರಾಮಗಳು, ಇರುತ್ತವೆ. ನಿಮ್ಮ ಮನೆಹೆಸರು ಮಜರೆಯದೋ, ಒಂದೇ ಮನೆಯದೋ ಆಗಿರುತ್ತದೆ. ಗ್ರಾಮ ಗೊತ್ತಾಗದೆ ಒಂದು ಕಾಗದವೂ ಕೈಗೆ ಬರುವುದಿಲ್ಲ, ಏಕೆಂದರೆ ರೆಕಾರ್ಡ್ ರೂಮಿನಲ್ಲಿ ಎಲ್ಲವನ್ನೂ ಗ್ರಾಮ ಮತ್ತು ಸರ್ವೆ ನಂಬರಿನ ಪ್ರಕಾರ ಕಟ್ಟಿಟ್ಟಿರುತ್ತಾರೆ. ಜನರ ಹೆಸರಿನ ಸೂಚಿ ಅಲ್ಲಿಲ್ಲ.

ಜಾಗ ಕಣ್ಣಿಗೆ ಗೊತ್ತಿದ್ದರೆ ಕೆಲಸ ಸುಲಭ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಅಲ್ಲಿ ಹೋಗಿ ನಿಂತರೆ ಗ್ರಾಮ, ಸರ್ವೆ ನಂಬರು ಎರಡೂ ತೋರಿಸುತ್ತದೆ. ಕಾಡಿನ ನಡುವೆ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಆಚೀಚೆ ತೋರಿಸುವುದುಂಟು. ಆದ್ದರಿಂದ ಸುತ್ತಲಿನ ನಂಬರುಗಳನ್ನೂ ಬರೆದುಕೊಂಡು, ಭೂಮಾಪನ ಇಲಾಖೆಯ ಗ್ರಾಮನಕ್ಷೆಯೊಂದಿಗೆ ತಾಳೆ ನೋಡಿ.

ಜಾಗವೇ ಗೊತ್ತಿಲ್ಲದಿದ್ದರೆ ಹಳೆಯ ನಕ್ಷೆಗಳಿಗೆ ಹೋಗಬೇಕು. ಸರ್ವೆ ಆಫ್ ಇಂಡಿಯಾದ ಸ್ಥಳನಕ್ಷೆಗಳಲ್ಲಿ ಶಿವಮೊಗ್ಗ, ತೀರ್ಥಹಳ್ಳಿ 48ಒ ಎಂಬ ಚೌಕದಲ್ಲಿ ಬರುತ್ತವೆ. ಸಾಗರ 48ಎನ್‌ನಲ್ಲಿ, ಶರಾವತಿ ಹಿನ್ನೀರಿನ ಪಶ್ಚಿಮ ಭಾಗ 48ಜೆ ಚೌಕದಲ್ಲಿ. ಒಂದಿಂಚಿಗೆ ಒಂದು ಮೈಲಿ ಅಳತೆಯ ಹಳೆಯ ಹಾಳೆ ಸಿಕ್ಕರೆ ಅದರಲ್ಲಿ ಸಣ್ಣ ಮಜರೆಗಳ ಹೆಸರುಗಳೂ ಇರುತ್ತವೆ. 1950ರ ದಶಕದ ಅಮೆರಿಕನ್ ಸೇನೆಯ ಯು502 ಸರಣಿ ಅಂತರ್ಜಾಲದಲ್ಲಿ ಉಚಿತ. ಆದರೆ ಅದರ ಅಳತೆ 1:2,50,000. ದೊಡ್ಡ ಊರು, ಹಳೆಯ ದಾರಿ ಕಾಣಿಸುತ್ತವೆ, ಒಂಟಿ ಮನೆ ಕಾಣಿಸುವುದಿಲ್ಲ.

ಹೆಸರು ಬದಲಾದ ಊರು, ಗಡಿ ಬದಲಾದ ತಾಲ್ಲೂಕುಗಳನ್ನು ಗಮನದಲ್ಲಿಡಿ. ಹಳೆಯ ಕಾಗದದ ಬಿದನೂರು ಈಗಿನ ನಗರ, ಕಲ್ಲೂರುಕಟ್ಟೆ ಈಗಿನ ಹೊಸನಗರ. ಹೊನ್ನಾಳಿ, ಚನ್ನಗಿರಿ 1997ರವರೆಗೆ ಶಿವಮೊಗ್ಗ ಜಿಲ್ಲೆಯವು. ಸಿದ್ದಾಪುರ, ಶಿರಸಿ 1956ರವರೆಗೆ ಮುಂಬಯಿ ಪ್ರಾಂತಕ್ಕೆ, ಉಡುಪಿ, ಕುಂದಾಪುರ ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು. ತಾಳಗುಪ್ಪದಿಂದ ಸಿದ್ದಾಪುರಕ್ಕೆ ಗಂಟೆಯ ದಾರಿಯೂ ಇಲ್ಲ, ಆದರೆ ದಾಖಲೆಯ ಪದ್ಧತಿಯೇ ಬೇರೆ. ಘಟ್ಟದ ಕೆಳಗೆ ಹೋದರೆ ಪಹಣಿಯ (ಜಮೀನಿನ ಹಕ್ಕು, ಬೆಳೆಯ ದಾಖಲೆ) ಬದಲು ಅಡಂಗಲ್, ಹಿಡುವಳಿಗೆ ವರ್ಗ, ಕಾಯಂ ಗೇಣಿಗೆ ಮೂಲಗೇಣಿ, ತಾತ್ಕಾಲಿಕ ಗೇಣಿಗೆ ಚಾಲಗೇಣಿ ಎಂಬ ಮಾತುಗಳು ಎದುರಾಗುತ್ತವೆ.

ಪಟ್ಟಿಯಲ್ಲಿ ಹೆಸರಿದ್ದು ಜನರಿಲ್ಲದ ಗ್ರಾಮಕ್ಕೆ ಬೇಚರಾಕ್ ಗ್ರಾಮ ಎನ್ನುತ್ತಾರೆ. ಮಲೇರಿಯಾ ಎಷ್ಟೋ ಮನೆಗಳನ್ನು ಹಾಳು ಬೀಳಿಸಿದ ಈ ಸೀಮೆಯಲ್ಲಿ ಬೇಚರಾಕ್ ಎಂಬ ಷರಾ ಕಂಡು ನಿರಾಶರಾಗಬೇಕಿಲ್ಲ. ಜನ ಹೋದರೂ ಸರ್ವೆ ನಂಬರು ಉಳಿದಿರುತ್ತದೆ, ಅದರ ಹಳೆಯ ಖಾತೆದಾರರ ಹೆಸರೂ ಉಳಿದಿರುತ್ತದೆ.

ಜಮೀನಿನ ಕಾಗದದಲ್ಲಿ ಹಿಂದಕ್ಕೆ

ಕೆಲಸದ ತಿರುಳಿರುವುದು ಇಲ್ಲಿ. ಇಂದಿನ ಪಹಣಿಯಿಂದ ಹೊರಟು ಒಂದೊಂದೇ ಮೆಟ್ಟಿಲು ಇಳಿಯಿರಿ. ನಡುವೆ ಮೆಟ್ಟಿಲು ಹಾರಬೇಡಿ.

ಪಹಣಿಯ 9ನೇ ಕಲಂನಲ್ಲಿ ಸ್ವಾಧೀನದಾರರ ಹೆಸರಿದೆ, 10ನೇ ಕಲಂನಲ್ಲಿ ಅದು ಅವರಿಗೆ ಹೇಗೆ ಬಂತು ಎಂಬುದು. ಎಲ್ಲರೂ ಒಂಬತ್ತನ್ನು ಓದುತ್ತಾರೆ, ನೀವು ಓದಬೇಕಾದ್ದು ಹತ್ತನ್ನು. ಅಲ್ಲಿರುವ ಎಂ.ಆರ್. ನಂಬರು ಮತ್ತು ವರ್ಷ ಹಿಡಿದು ಮ್ಯುಟೇಷನ್ ರಿಜಿಸ್ಟರಿನ, ಅಂದರೆ ಖಾತೆ ಬದಲಾವಣೆಯ ಪುಸ್ತಕದ, ನಕಲು ಕೇಳಿ. ಅದರಲ್ಲಿ ಬದಲಾವಣೆಯ ಕಾರಣ ಇರುತ್ತದೆ: ಪೌತಿ, ವಿಭಾಗ, ಕ್ರಯ, ದಾನ. ಪೌತಿ ಎಂದಿದ್ದರೆ ಖಾತೆದಾರ ತೀರಿಕೊಂಡು ವಾರಸುದಾರರಿಗೆ ಖಾತೆಯಾಗಿದೆ ಎಂದರ್ಥ. ವಾರಸುದಾರರ ಹೆಸರುಗಳು ಅಲ್ಲಿರುತ್ತವೆ, ಕಡತದಲ್ಲಿ ವಂಶವೃಕ್ಷವೂ ಇರಬಹುದು. ಪೌತಿ ಖಾತೆ ಸಾವಾದ ಕೂಡಲೇ ಆಗುವುದಿಲ್ಲ, ಹತ್ತಿಪ್ಪತ್ತು ವರ್ಷ ತಡವಾಗುವುದೂ ಉಂಟು. ಆದ್ದರಿಂದ ಎಂ.ಆರ್. ವರ್ಷವನ್ನು ಸಾವಿನ ವರ್ಷ ಎಂದು ಬರೆದುಕೊಳ್ಳಬೇಡಿ. ‘ಈ ವರ್ಷಕ್ಕಿಂತ ಮೊದಲು’ ಎಂದು ಬರೆದುಕೊಳ್ಳಿ.

ಗಣಕೀಕೃತ ಪಹಣಿ ನಿಮ್ಮನ್ನು 2000ದ ಆಸುಪಾಸಿಗೆ ಮುಟ್ಟಿಸುತ್ತದೆ. ಅದರ ಹಿಂದೆ ಕೈಬರಹದ ಪಹಣಿ. ಅದಕ್ಕೂ ಹಿಂದೆ ಹಳೇ ಮೈಸೂರಿನ ಐ.ಎಲ್. ಮತ್ತು ಆರ್.ಆರ್. ರಿಜಿಸ್ಟರುಗಳು, ಅಂದರೆ 1927ರ ಮೈಸೂರು ಹಕ್ಕುದಾಖಲೆ ಕಾಯ್ದೆಯ ನಂತರ ಗ್ರಾಮವಾರು ಬರೆದ ಜಮೀನು ಸೂಚಿ ಮತ್ತು ಹಕ್ಕುಪುಸ್ತಕ. ಇನ್ನೂ ಹಿಂದೆ ಹೋದರೆ ಸರ್ವೆ ದಾಖಲೆ: ಮೂಲ ಟಿಪ್ಪಣಿ (ಅಳತೆಯ ನಕ್ಷೆ), ಪಕ್ಕಾ ಪುಸ್ತಕ (ವಿಸ್ತೀರ್ಣದ ಲೆಕ್ಕ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ). ಮೈಸೂರು ಸಂಸ್ಥಾನದ ಕಂದಾಯ ಸರ್ವೆ ಆರಂಭವಾದದ್ದು 1863ರಲ್ಲಿ. ತಲೆಮಾರಿಗೆ 25ರಿಂದ 30 ವರ್ಷ ಹಿಡಿದರೆ, ಮಧ್ಯೆ ಕೊಂಡಿ ಕಳಚದೆ ಇದ್ದಲ್ಲಿ ಐದು ತಲೆಮಾರು ಸಿಗುತ್ತದೆ. ಟಿಪ್ಪಣಿ ಮತ್ತು ಆಕಾರ್‌ಬಂದ್ ಭೂಮಾಪನ ಶಾಖೆಯಲ್ಲಿ, ಉಳಿದವು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ‘ಭೂ ಸುರಕ್ಷಾ’ ಯೋಜನೆಯಡಿ ಹಳೆಯ ಕಡತಗಳ ಸ್ಕ್ಯಾನಿಂಗ್ ನಡೆದಿದೆ. ನಿಮ್ಮ ಗ್ರಾಮದ್ದು ಆಗಿದೆಯೇ ಎಂದು ಮೊದಲೇ ವಿಚಾರಿಸಿ.

ಅರ್ಜಿಯಲ್ಲಿ ‘ನಮ್ಮ ವಂಶದ ಎಲ್ಲ ದಾಖಲೆ ಕೊಡಿ’ ಎಂದು ಬರೆದರೆ ಏನೂ ಸಿಗದು. ಗ್ರಾಮ, ಹೋಬಳಿ, ಸರ್ವೆ ನಂಬರು, ಹಿಸ್ಸಾ (ಸರ್ವೆ ನಂಬರಿನ ಒಳಪಾಲು), ದಾಖಲೆಯ ಹೆಸರು, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂಬ ಆರು ವಿವರ ಇರಬೇಕು. ಒಂದು ಅರ್ಜಿಗೆ ಒಂದೇ ಸರ್ವೆ ನಂಬರು ಇಟ್ಟುಕೊಳ್ಳುವುದು ಒಳ್ಳೆಯದು. ಅಡಿಕೆ ತೋಟ ಅಥವಾ ಮನೆ ಮುಂದಿನ ಗದ್ದೆಯ ನಂಬರಿನಿಂದ ಆರಂಭಿಸಿ. ಕುಟುಂಬಗಳು ಕೊನೆಯವರೆಗೂ ಮಾರದೆ ಉಳಿಸಿಕೊಂಡಿರುವುದು ಅದನ್ನೇ. ನಕಲು ಅರ್ಜಿಗೆ ಉತ್ತರವೇ ಬರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅದೇ ಆರು ವಿವರ ಬರೆದು ಕೇಳಿ. ಅದಕ್ಕೆ 30 ದಿನದ ಗಡುವಿದೆ.

ಓದುವಾಗ ಕೆಲವು ಪದಗಳು ತಿಳಿದಿರಬೇಕು. ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ, ‘ಉರುಫ್’ ಎಂದರೆ ಇನ್ನೊಂದು ಹೆಸರು. ತಿಮ್ಮಪ್ಪ ಬಿನ್ ಮಂಜಪ್ಪ, ಅವನ ಹಿಂದೆ ಮಂಜಪ್ಪ ಬಿನ್ ತಿಮ್ಮಪ್ಪ, ಅವನ ಹಿಂದೆ ಮತ್ತೆ ತಿಮ್ಮಪ್ಪ ಬಿನ್ ಮಂಜಪ್ಪ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿಂದ ಈ ಸರಪಳಿ ಹೀಗೇ ಹೋಗುತ್ತದೆ. ಮೊದಲ ತಿಮ್ಮಪ್ಪನನ್ನೂ ಮೂರನೆಯವನನ್ನೂ ಒಬ್ಬನೇ ಎಂದುಕೊಂಡು ಎರಡು ತಲೆಮಾರನ್ನೇ ಕಳೆದುಕೊಂಡ ವಂಶವೃಕ್ಷಗಳು ಬೇಕಾದಷ್ಟಿವೆ. ಪ್ರತಿ ಹೆಸರಿನ ಮುಂದೆ ದಾಖಲೆಯ ವರ್ಷ ಬರೆದು, ತಿಮ್ಮಪ್ಪ 1, ತಿಮ್ಮಪ್ಪ 2 ಎಂದು ಅಂಕಿ ಕೊಡುತ್ತ ಹೋದರೆ ಈ ತಪ್ಪಾಗದು.

ಕಂದಾಯದ ಕಡತದಲ್ಲಿರುವ ವಂಶವೃಕ್ಷವನ್ನು ಪೂರ್ತಿ ನಂಬಬೇಡಿ. ಅದು ಆಸ್ತಿಗಾಗಿ ಮಾಡಿದ್ದು. ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಮಕ್ಕಳಿಲ್ಲದೆ ತೀರಿಕೊಂಡ ಅಣ್ಣತಮ್ಮಂದಿರು, ಮೊದಲೇ ಪಾಲು ತೆಗೆದುಕೊಂಡು ಹೋದವರು ಅದರಲ್ಲಿ ಕಾಣುವುದಿಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಗಿಂತ ಹಿಂದಿನ ಕಾಗದಗಳಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿರುವುದೇ ಹೆಚ್ಚು. ಕೊರತೆಯನ್ನು ಉಪನೋಂದಣಾಧಿಕಾರಿಗಳ ಕಚೇರಿಯ ಪಾಲುಪಟ್ಟಿಯಿಂದ ತುಂಬಿಕೊಳ್ಳಬಹುದು. ಪಾಲುಪಟ್ಟಿಯಲ್ಲಿ ಅಣ್ಣತಮ್ಮಂದಿರು ವಯಸ್ಸಿನ ಸಮೇತ ಇರುತ್ತಾರೆ, ಅವಿವಾಹಿತ ತಂಗಿಯ ಮದುವೆ ಖರ್ಚು, ವಿಧವೆ ತಾಯಿಯ ಜೀವನಾಂಶ ಯಾರ ಪಾಲಿಗೆ ಎಂಬುದನ್ನೂ ಬರೆದಿರುತ್ತಾರೆ. ಚಕ್ಕುಬಂದಿಯನ್ನು ತಪ್ಪದೆ ನಕಲು ಮಾಡಿಕೊಳ್ಳಿ. ಪೂರ್ವಕ್ಕೆ ಯಾರ ಗದ್ದೆ, ಪಶ್ಚಿಮಕ್ಕೆ ಯಾವ ಹಳ್ಳ ಎಂಬ ನಾಲ್ಕು ಸಾಲು ಮುಂದೆ ಇನ್ನೊಂದು ಕಾಗದದ ಮಂಜಪ್ಪ ನಿಮ್ಮವನೇ ಹೌದೇ ಎಂದು ತೀರ್ಮಾನಿಸಲು ಬೇಕಾಗುತ್ತದೆ. ಹೆಸರು ಒಂದೇ, ತಂದೆಯ ಹೆಸರೂ ಒಂದೇ ಎಂದರೆ ಸಾಲದು. ಸರ್ವೆ ನಂಬರು ಅಥವಾ ಚಕ್ಕುಬಂದಿ, ಎರಡರಲ್ಲೊಂದಾದರೂ ಕೂಡಿಬರಬೇಕು.

ದಾರಿ ತಪ್ಪಿಸುವ ಇನ್ನೊಂದು ತಿರುವು ಮನೆಅಳಿಯತನ. ಗಂಡುಮಕ್ಕಳಿಲ್ಲದ ಮನೆಗೆ ಬಂದ ಅಳಿಯ ಹೆಂಡತಿಯ ಮನೆಹೆಸರನ್ನೇ ಹೊರುತ್ತಾನೆ, ಅವನ ಮಕ್ಕಳು ಆ ಮನೆಯವರೇ ಆಗುತ್ತಾರೆ. ದಾಖಲೆಯಲ್ಲಿ ಜಮೀನು ಮಾವನಿಂದ ಮಗಳಿಗೋ ಮೊಮ್ಮಗನಿಗೋ ದಾನವಾಗಿ ಬಂದಿರುತ್ತದೆ, ‘ಬಿನ್’ ಮಾತ್ರ ಕೂಡಿಬರುವುದಿಲ್ಲ. ಇಂಥಲ್ಲಿ ಸೂತಕದ ಪ್ರಶ್ನೆಗೆ ಮರಳಿ. ಸೂತಕ ಬೇರೊಂದು ಮನೆಹೆಸರಿನವರ ಜೊತೆ ಇದ್ದರೆ ಅಳಿಯ ಬಂದದ್ದು ಆ ಮನೆಯಿಂದ. ದತ್ತು ಬಂದವರ ವಿಷಯದಲ್ಲಿ ಇದು ತಿರುಗುಮುರುಗು, ದತ್ತಕದ ನಂತರ ಸೂತಕ, ಶ್ರಾದ್ಧ ಎರಡೂ ಹೊಸ ಮನೆಯವು.

ಗೇಣಿದಾರರ ಮನೆಗಳು

ಇಲ್ಲಿಯವರೆಗೆ ಹೇಳಿದ್ದು ಖಾತೆ ಇದ್ದವರಿಗೆ. ಮಲೆನಾಡಿನ ಬಹಳಷ್ಟು ಮನೆಗಳು ಗೇಣಿ ಮನೆಗಳು, ಅವರ ಹೆಸರು 9ನೇ ಕಲಂಗೆ ಬಂದದ್ದೇ ಭೂಸುಧಾರಣೆಯ ನಂತರ. ಸಾಗರ ತಾಲ್ಲೂಕಿನ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ, ಗೇಣಿ ಪದ್ಧತಿಯನ್ನು ಕೊನೆಗೊಳಿಸಿದ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಆಗ ಗೇಣಿದಾರರು ಭೂನ್ಯಾಯ ಮಂಡಳಿಗೆ ಕೊಟ್ಟ ನಮೂನೆ 7ರ ಅರ್ಜಿಯೇ ಇಂಥ ಮನೆತನಗಳಿಗೆ ಮೊದಲ ದೊಡ್ಡ ದಾಖಲೆ. ಕೊನೆಯ ಗಡುವು 1979ರ ಜೂನ್ 30. ಅರ್ಜಿಯಲ್ಲಿ ಗೇಣಿದಾರ, ಜಮೀನ್ದಾರ, ಸರ್ವೆ ನಂಬರು, ವಿಸ್ತೀರ್ಣ ಇರುತ್ತವೆ. ಕಡತ ಪೂರ್ತಿ ಸಿಕ್ಕಿದರೆ ಹೇಳಿಕೆಗಳನ್ನು ಓದಿ. ‘ನಮ್ಮ ತಂದೆಯ ಕಾಲದಿಂದ ಸಾಗುವಳಿ’ ಎಂಬ ಮಾತಿನ ಹಿಂದೆ ತಂದೆ, ಅಜ್ಜ, ಹಳೆಯ ಒಡೆಯರು ಹೆಸರು ಸಮೇತ ಬರುತ್ತಾರೆ. ಅಕ್ಕಪಕ್ಕದವರು ಸಾಕ್ಷಿ ಹೇಳಿರುತ್ತಾರೆ. ಹೆಬ್ಬೆಟ್ಟೊತ್ತಿದ ಅಜ್ಜನ ಮಾತು ಬರಹದಲ್ಲಿ ಉಳಿದಿರುವ ಜಾಗ ಬಹುಶಃ ಇದೊಂದೇ. ಆದ್ದರಿಂದ ಆದೇಶದ ಪ್ರತಿ ಮಾತ್ರ ತೆಗೆದುಕೊಂಡು ಬರಬೇಡಿ, ಪೂರ್ತಿ ಕಡತ ಕೇಳಿ.

1974ಕ್ಕಿಂತ ಹಿಂದೆ ಕೈಬರಹದ ಪಹಣಿಯ 12ನೇ ಕಲಂ ನೋಡಿ. ಸಾಗುವಳಿ ಮಾಡಿದವರ ಹೆಸರು ಬರೆಯುವುದು ಅಲ್ಲಿ. ಒಡೆಯರು ಎಷ್ಟೋ ಕಡೆ ಸ್ವಂತ ಸಾಗುವಳಿ ಎಂದು ಬರೆಸಿರುವುದರಿಂದ ಅಲ್ಲಿ ಹೆಸರಿಲ್ಲ ಎಂದರೆ ನಿಮ್ಮವರು ಅಲ್ಲಿರಲಿಲ್ಲ ಎಂದಾಗುವುದಿಲ್ಲ. ಇನ್ನೂ ಹಿಂದಿನದು ಒಡೆಯರ ಮನೆಯ ಗೇಣಿ ಲೆಕ್ಕದ ಪುಸ್ತಕದಲ್ಲಿದೆ, ಖಂಡುಗ, ಕೊಳಗದ ಲೆಕ್ಕದಲ್ಲಿ (20 ಕೊಳಗಕ್ಕೆ ಒಂದು ಖಂಡುಗ). ಆ ಮನೆಗೆ ಹೋಗಿ ಕೇಳಲು ಹಿಂಜರಿಕೆ ಬೇಡ. ಆಸ್ತಿಯ ತಕರಾರು ಮುಗಿದು ಐವತ್ತು ವರ್ಷವಾಗಿದೆ, ಬಂದ ಕಾರಣವನ್ನು ನೇರವಾಗಿ ಹೇಳಿದರೆ ಪುಸ್ತಕ ತೋರಿಸುವವರೇ ಹೆಚ್ಚು.

ಹುಟ್ಟು, ಶಾಲೆ, ಜನಗಣತಿ

ಜನಗಣತಿಯ ಮನೆವಾರು ಹಾಳೆಗಳಿಗಾಗಿ ಅಲೆಯಬೇಡಿ. 1948ರ ಜನಗಣತಿ ಕಾಯ್ದೆ ಅವನ್ನು ಸಾರ್ವಜನಿಕರ ಪರಿಶೀಲನೆಗೆ ಕೊಡುವುದಿಲ್ಲ. ಜನನ ಮರಣ ನೋಂದಣಿ ಒಂದು ಕ್ರಮಕ್ಕೆ ಬಂದದ್ದು 1969ರ ಕಾಯ್ದೆಯ ನಂತರ. ಶಾಲೆಯ ದಾಖಲಾತಿ ಪುಸ್ತಕ ಅದಕ್ಕಿಂತ ಉಪಯುಕ್ತ. ತಂದೆ ಅಥವಾ ಪೋಷಕರ ಹೆಸರು, ಊರು, ಹಿಂದೆ ಓದಿದ ಶಾಲೆ ಎಲ್ಲ ಅಲ್ಲಿರುತ್ತವೆ. ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಅದು ಮೇಷ್ಟರು ಹಾಕಿದ ದಿನ, ವರ್ಷವೂ ಒಂದೆರಡು ಆಚೀಚೆ ಇರಬಹುದು.

ತಿಥಿಯಿಂದ ತಾರೀಕು

ಜಾತಕ, ಭೋಗ್ಯಪತ್ರ, ಲೆಕ್ಕದ ಪುಸ್ತಕಗಳಲ್ಲಿ ಇಸವಿ ಇರುವುದಿಲ್ಲ, ಸಂವತ್ಸರ ಇರುತ್ತದೆ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಪ್ಲವ ಎಂದರೆ 1841-42, 1901-02, 1961-62, 2021-22. ಯಾವ ಸುತ್ತು ಎಂಬುದನ್ನು ವ್ಯಕ್ತಿಯ ತಲೆಮಾರು ನೋಡಿ ತೀರ್ಮಾನಿಸಬೇಕು. ಶಕವರ್ಷವೂ ಇದ್ದರೆ ಅನುಮಾನವಿಲ್ಲ, 78 ಕೂಡಿಸಿ. ಶಕ 1823, ಪ್ಲವ, ಅಂದರೆ 1901. ತಿಂಗಳು ಮಾಘವಾದರೆ ಹೊಸ ಇಸವಿ ಬಂದಾಗಿದೆ, ಆಗ 79 ಕೂಡಿಸಬೇಕು, 1902. ಮಾರ್ಗಶಿರದ ಕೊನೆಯಲ್ಲೋ ಪುಷ್ಯದಲ್ಲೋ ಇಸವಿ ಬದಲಾಗುವುದರಿಂದ ಆ ಎರಡು ತಿಂಗಳ ತಿಥಿಗಳನ್ನು ಹಳೆಯ ಪಂಚಾಂಗದಲ್ಲಿ ನೋಡಿಯೇ ಬರೆಯಿರಿ.

ಕಡತ, ತಾಳೆಗರಿ, ಕಲ್ಲು

ಹಳೆಯ ಮನೆಯಲ್ಲಿ ಕಪ್ಪಗೆ, ಮಡಿಕೆ ಮಡಿಕೆಯಾಗಿ, ರಟ್ಟಿನಂಥ ಬಟ್ಟೆಯ ಪುಸ್ತಕ ಸಿಕ್ಕರೆ ಅದು ಕಡತ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು, ಬಳಪದಿಂದ ಬರೆದದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬರಹ ಅಳಿಸಿಹೋಗುತ್ತದೆ. ಒಣ ಬಟ್ಟೆಯೂ ಬೇಡ. ಧೂಳನ್ನು ಮೆತ್ತನೆಯ ಕುಂಚದಿಂದ, ಅಕ್ಷರ ಇಲ್ಲದ ಅಂಚಿನಲ್ಲಿ ಮಾತ್ರ ತೆಗೆಯಿರಿ. ಮಡಿಕೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಬೆಳಕು ಓರೆಯಾಗಿ ಬೀಳುವಂತೆ ಇಟ್ಟು ಫೋಟೊ ತೆಗೆಯಿರಿ, ಫ್ಲ್ಯಾಶ್ ಹಾಕಿದರೆ ಬಳಪದ ಗೆರೆ ಹೊಳಪಿನಲ್ಲಿ ಮುಳುಗುತ್ತದೆ. ಅಕ್ಷರ ಮೋಡಿಯಲ್ಲಿದ್ದು (ಕೂಡಿಸಿ ಬರೆಯುವ ಹಳೆಯ ಲಿಪಿ) ಓದಲಾಗದಿದ್ದರೆ, ಅಥವಾ ತಾಳೆಗರಿ ತಿಗಳಾರಿ ಲಿಪಿಯಲ್ಲಿದ್ದರೆ, ಸಾಗರದ ಬಳಿಯ ಕೆಳದಿ ವಸ್ತುಸಂಗ್ರಹಾಲಯದಲ್ಲಿ ವಿಚಾರಿಸಿ. ಕುವೆಂಪು ವಿಶ್ವವಿದ್ಯಾಲಯದ ಆ ಸಂಗ್ರಹಾಲಯದಲ್ಲಿ ತಿಗಳಾರಿ ತಾಳೆಗರಿಗಳ ದೊಡ್ಡ ರಾಶಿಯೇ ಇದೆ. ತಿಗಳಾರಿಯಲ್ಲಿ ಸಿಗುವುದು ಬಹುಪಾಲು ಮಂತ್ರ, ಪ್ರಯೋಗ, ಶಾಸ್ತ್ರ. ವಂಶಾವಳಿ ಇರುತ್ತದೆಂದು ಆಸೆ ಇಟ್ಟುಕೊಳ್ಳಬೇಡಿ, ಆದರೆ ಕೊನೆಯ ಗರಿಯಲ್ಲಿ ಪ್ರತಿ ಮಾಡಿದವನು ತನ್ನ ಹೆಸರು, ಊರು, ತಿಥಿ ಬರೆದಿರುವುದುಂಟು. ಮೊದಲು ಅದನ್ನೇ ಓದಿಸಿ.

ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ (1902) ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿಯ ಶಾಸನಗಳಿವೆ. 8ನೆಯದರಲ್ಲಿ (1904) ಸೊರಬ, ಸಾಗರ, ನಗರ, ತೀರ್ಥಹಳ್ಳಿಯವು. ಜಾಗದ ಹೆಸರಿನ ಹಳೆಯ ರೂಪ ಹುಡುಕಲು ಇವಕ್ಕೆ ಸಾಟಿಯಿಲ್ಲ. ನಿಮ್ಮ ಕೊಡಿಗೆಯ ಹೆಸರು ಕೆಳದಿ ಅರಸರ ಕಾಲದ ಶಾಸನದಲ್ಲಿ ಕಂಡರೆ ಆ ಹೆಸರು ಅಷ್ಟು ಹಳೆಯದು ಎಂದು ಖಚಿತ. ಶಾಸನದಲ್ಲಿರುವ ಗೌಡ ನಿಮ್ಮ ಪೂರ್ವಜ ಎಂಬುದು ಅದರಿಂದ ಸಾಬೀತಾಗುವುದಿಲ್ಲ. 1763ರಲ್ಲಿ ಬಿದನೂರು ಹೈದರನ ಕೈಸೇರಿತು, ಅದರ ನಂತರದ ನೂರು ವರ್ಷಗಳ ಕೊಂಡಿಯನ್ನು ಕಾಗದದಲ್ಲಿ ಜೋಡಿಸಬಲ್ಲ ಮನೆಗಳು ಬೆರಳೆಣಿಕೆಯಷ್ಟು. ಸಾಕ್ಷಿ ಇಲ್ಲದಲ್ಲಿ ಗೆರೆ ಎಳೆಯದೆ ಖಾಲಿ ಬಿಡಿ.

ಮುಳುಗಿದ ಊರಿನವರು

ಮನೆಹೆಸರಿನ ಜಾಗ ಯಾವ ನಕ್ಷೆಯಲ್ಲೂ ಇಲ್ಲ, ಹಿರಿಯರು ಮಾತ್ರ ‘ಹೊಳೆ ಆಚೆ’ ಎನ್ನುತ್ತಾರೆ ಎಂದಾದರೆ ಅದು ಶರಾವತಿಯ ನೀರಿನಡಿ ಇರಬಹುದು. ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟಿಗೆ ಮೊದಲು ಕೆಲವು ಊರು ಹೋದವು, 1964ರ ಲಿಂಗನಮಕ್ಕಿ ಅಣೆಕಟ್ಟು ಆ ಹಳೆಯ ಅಣೆಕಟ್ಟನ್ನೂ ಸೇರಿಸಿ ಇನ್ನಷ್ಟು ಊರುಗಳನ್ನು ಮುಳುಗಿಸಿತು. ಸಂತ್ರಸ್ತರು ಶಿವಮೊಗ್ಗ, ಸೊರಬ, ಹೊಸನಗರ ಎಂದು ಚದುರಿದರು. ಹಳೆಯ ಮನೆಹೆಸರನ್ನು ಬಿಗಿಯಾಗಿ ಹಿಡಿದುಕೊಂಡವರು ಇವರೇ. ಇವರ ಹುಡುಕಾಟ ಎರಡೂ ತುದಿಯಿಂದ ನಡೆಯಬೇಕು. ಈಗಿನ ಊರಿನಲ್ಲಿ ಜಮೀನು ಮಂಜೂರಾದ ಆದೇಶ ಮೊದಲು, ಅದರಲ್ಲಿ ಮುಳುಗಡೆಯಾದ ಗ್ರಾಮದ ಹೆಸರು ಇರುತ್ತದೆ. ಆಮೇಲೆ ಆ ಗ್ರಾಮದ ಭೂಸ್ವಾಧೀನ ಕಡತ. ಪರಿಹಾರಕ್ಕಾಗಿ ಮನೆ, ಬಾವಿ, ಅಡಿಕೆ ಮರಗಳನ್ನು ಎಣಿಸಿ ಬರೆದ ಪಟ್ಟಿ ಅದರಲ್ಲಿ ಸಿಕ್ಕರೆ ಬಿಡಬೇಡಿ, ನಿಮ್ಮ ಅಜ್ಜನ ಮನೆ ಎಷ್ಟು ಅಂಕಣದ್ದು ಎಂಬುದೂ ಗೊತ್ತಾಗಬಹುದು.

ಜಾಗವನ್ನು ಕಣ್ಣಾರೆ ನೋಡುವ ಆಸೆಯಿದ್ದರೆ ಕಾಡಿನೊಳಗಿನ ಹಾಳುಮನೆಗಳಿಗೆ ಜನವರಿಯಿಂದ ಮಾರ್ಚ್ ಒಳಗೆ ಹೋಗಿ. ಇಂಬಳ (ಜಿಗಣೆ) ಇರುವುದಿಲ್ಲ, ಕಳೆ ಒಣಗಿ ಜಂಬಿಟ್ಟಿಗೆಯ ಅಡಿಪಾಯ, ತುಳಸಿಕಟ್ಟೆ, ಬಾವಿಯ ಅಂಚು ಕಾಣುತ್ತವೆ. ಬಾವಿಗೆ ಈಗ ಕಟ್ಟೆ ಇಲ್ಲದಿರಬಹುದು, ಕೋಲಿನಿಂದ ನೆಲ ತಟ್ಟುತ್ತ ಹೋಗಿ. ಅಭಯಾರಣ್ಯದೊಳಗಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಮಳೆ ಕಡಿಮೆಯಾದ ವರ್ಷ ಮೇ ಕೊನೆಗೆ ನೀರು ತುಂಬ ಇಳಿದು ಮಡೇನೂರು ಅಣೆಕಟ್ಟು ಹೊರಗೆ ಕಾಣುತ್ತದೆ, ಅದರ ಸುತ್ತಲಿನ ನೆಲವೂ. ಊರು ಬಿಡುವಾಗ ಹತ್ತು ವರ್ಷ ದಾಟಿದ್ದವರಿಗೆ ಈಗ ಎಪ್ಪತ್ತು ಮೀರಿದೆ. ಅಂಥವರೊಬ್ಬರನ್ನು ಜೊತೆಗೆ ಕರೆದುಕೊಂಡು, ಮುಂಗಾರು ಹಿಡಿಯುವ ಮೊದಲು, ಬೆಳಗ್ಗೆ ಬೇಗ ಹೊರಡಿ.